ಟ್ರಂಕಿನ ಕೌದಿ ಕಟ್ಟೆಗೆ ಬರಲಿ: ಅಕ್ಕಿಆಲೂರು ಸೀಮೆಯಲ್ಲಿ ಸೂಜಿ-ದಾರದ ಕೂಟ ಕಟ್ಟುವ ಬಗೆ

ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಹಾವೇರಿ ಜಿಲ್ಲೆಯ ಹಳ್ಳಿಗಳ ಪಡಸಾಲೆಯಲ್ಲಿ ಕೌದಿ ಹರಡುತ್ತವೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಗನ ಶಾಲೆಯ ಅಂಗಿ, ಮಗಳ ಲಂಗದ ಚೂರು ಎಲ್ಲವೂ ಒಂದರ ಮೇಲೊಂದು ಕೂತು ಹೊಲಿಗೆಗೆ ಸಜ್ಜಾಗುತ್ತವೆ. ಹೊಲದ ಕೆಲಸ ತಗ್ಗಿದ ಆ ದಿನಗಳಲ್ಲೇ ಹೆಣ್ಣುಮಕ್ಕಳಿಗೆ ಸೂಜಿ ಹಿಡಿಯಲು ಬಿಡುವು. ಮಳೆಗಾಲ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು.

ಮುಗಿದ ಕೌದಿ ಬಾಣಂತಿಯ ಕೋಣೆಗೆ ಹೋಗುತ್ತದೆ, ಗಂಡನ ಮನೆಗೆ ಹೊರಟ ಮಗಳ ಗಂಟಿಗೆ ಹೋಗುತ್ತದೆ, ಇಲ್ಲವೇ ಟ್ರಂಕು ಸೇರುತ್ತದೆ. ಪಕ್ಕದ ಓಣಿಯವರಿಗೂ ಅದು ಕಾಣುವುದಿಲ್ಲ. ಹೊಲಿದವರ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ಅವರು ತೀರಿಹೋದರೆ ಅಂಚು ಮಡಿಚುವ ಅವರ ರೀತಿ, ಬಣ್ಣ ಕೂಡಿಸುವ ಅವರ ಲೆಕ್ಕ ಎರಡೂ ಹೋಗುತ್ತವೆ.

ಈ ನಷ್ಟ ತಡೆಯಲು ಹೆಚ್ಚು ಖರ್ಚಿಲ್ಲದ ಒಂದು ದಾರಿಯಿದೆ. ಕೈಕೆಲಸ ಬಲ್ಲವರು ತಿಂಗಳಿಗೊಮ್ಮೆ ಒಂದೆಡೆ ಸೇರಬೇಕು, ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸಬೇಕು, ಯಾರು ಹೇಗೆ ಮಾಡಿದರೆಂದು ಬರೆದಿಡಬೇಕು. ಅಂಥ ಕೂಟ ಕಟ್ಟಬಯಸುವ ಅಕ್ಕಿಆಲೂರು, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಓದುಗರಿಗಾಗಿ ಈ ಮಾಹಿತಿ.

ಒಂದೇ ಸೀಮೆ, ಹಲವು ಕೈ

ಈ ತಾಲ್ಲೂಕುಗಳ ಸುತ್ತಲಿನಷ್ಟು ಬಗೆಬಗೆಯ ನೂಲಿನ ಕೆಲಸ ಒಂದೇ ಕಡೆ ಸಿಗುವುದು ಅಪರೂಪ. ಹಾನಗಲ್ಲ ಕಡೆ ಅರೆಮಲೆನಾಡು. ಮಳೆಗೆ ಕಂಬಳಿಕೊಪ್ಪೆ ಹೊದ್ದವರ ನಾಡು. ಪೂರ್ವಕ್ಕೆ ಸರಿದಂತೆ ಹತ್ತಿಯ ಹೊಲಗಳು. ಲಂಬಾಣಿ ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂರಿಸಿದ ಫೇಟಿಯಾ ಲಂಗ, ಕಾಂಚಳಿ ಕುಪ್ಪಸಗಳನ್ನು ಕಾಪಾಡಿಕೊಂಡು ಬಂದ ಹಿರಿಯರು ಇನ್ನೂ ಇದ್ದಾರೆ. ಧಾರವಾಡದ ಕಸೂತಿ ಬಲ್ಲವರೂ ಈ ಸೀಮೆಗೆ ದೂರದವರಲ್ಲ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಕರಿಯ ಕುರಿಯ ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿದು ಬಿಗಿ ಮಾಡಿ ಗುಂಡಿಮಗ್ಗಕ್ಕೆ ಏರಿಸುವುದು ಕಂಬಳಿ ನೇಯ್ಗೆಯ ಹಳೆಯ ಕ್ರಮ.

ಪಶ್ಚಿಮಕ್ಕೆ ಗಡಿ ದಾಟಿದರೆ ಮುಂಡಗೋಡ. ಅಲ್ಲಿ 1966ರಲ್ಲಿ ನೆಲೆಸಿದ ಟಿಬೆಟನ್ ಸಮುದಾಯ ಗಂಟುಗಂಟಾಗಿ ನೇಯುವ ರತ್ನಗಂಬಳಿಯ ಕಸುಬನ್ನು ತಂದಿತು. ಅದೇ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ, ಕೌದಿಯ ಒಡಹುಟ್ಟು. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಅರಿವೆಯ ಹೂ ಕೂರಿಸುತ್ತಾರೆ. ಕೊನೆಯ ತೇಪೆ ಮುಚ್ಚುವ ಮೊದಲು ಕವಂದಿಯ ಹೊಟ್ಟೆ ಬರಿದಾಗಿರಬಾರದೆಂದು ನಾಲ್ಕು ಕಾಳು ಅಕ್ಕಿ ಇಡುವ ಪದ್ಧತಿಯೂ ಉಂಟು.

ಶಿಶುನಾಳ ಶರೀಫರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನಲ್ಲೇ. ‘ಕೋಡಗನ ಕೋಳಿ ನುಂಗಿತ್ತ’ ಪದದಲ್ಲಿ ಅವರು ಮಗ್ಗವನ್ನೂ ಲಾಳಿಯನ್ನೂ ತಂದರು. ನೇಯ್ಗೆ ಈ ಸೀಮೆಯ ನಿತ್ಯದ ಮಾತಿನಲ್ಲಿ ಎಷ್ಟು ಬೆರೆತಿತ್ತು ಎಂಬುದಕ್ಕೆ ಆ ಪದವೇ ಸಾಕ್ಷಿ.

ಒಟ್ಟಿಗೆ ಕೂತವರು ಪಡೆದದ್ದು

ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಣ್ಣುಮಕ್ಕಳನ್ನು ಒಂದೆಡೆ ಸೇರಿಸಿ ಕೆಲಸ ಮಾಡಿಸುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ, ಕೇಂದ್ರದ ಬಳಗದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1755 ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಲಾಯಿತು. ಲಂಬಾಣಿ ಕೈಕೆಲಸದ ಅತಿ ದೊಡ್ಡ ಪ್ರದರ್ಶನವೆಂದು ಅದು ಗಿನ್ನೆಸ್ ದಾಖಲೆ ಸೇರಿತು. ಒಬ್ಬೊಬ್ಬರು ಹೊಲಿದದ್ದು ಕೆಲವೇ ತುಂಡು. ಆದರೆ ಎಲ್ಲವನ್ನೂ ಒಂದೆಡೆ ಹರಡಿದಾಗ ಜಗತ್ತು ನೋಡಿತು.

ಸಿದ್ದಿ ಹೆಣ್ಣುಮಕ್ಕಳ ಕವಂದಿ ಸಹಕಾರಿ ಗುಂಪು 2004ರಲ್ಲಿ ರೂಪುಗೊಂಡಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅದಕ್ಕೆ ಜೊತೆಯಾದರು. 2011ರಲ್ಲಿ ಆ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆ ಏರಿದವು.

ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹತ್ತಿ ಹೊಲದ ಕರಿಯ ಹೆಣ್ಣುಮಕ್ಕಳು 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿನ ಜೀಸ್ ಬೆಂಡ್ ಎಂಬ ಹಳ್ಳಿಯವರು ಸವೆದ ಪ್ಯಾಂಟು, ಅಂಗಿಗಳನ್ನು ಕೂಡಿಸಿ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಹಾಳಾದ ಬಟ್ಟೆಯಿಂದ ಹುಟ್ಟಿದ ಅವು ಕಲಾಕೃತಿಗಳೆಂದು ಮನ್ನಣೆ ಪಡೆದವು. ನಮ್ಮ ಕೌದಿಯೂ ಹುಟ್ಟುವುದು ಹಾಗೆಯೇ.

ಇನ್ನೂ ಹತ್ತಿರದ ಮಾದರಿ ಸಾಗರ ತಾಲ್ಲೂಕಿನ ಭೀಮನಕೋಣೆಯದು. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆ ನೇಯ್ದು, ಅಡಕೆ ಚೊಗರಿನಂಥ ಸಸ್ಯಮೂಲದ ಬಣ್ಣ ಹಾಕಿ, ‘ದೇಸಿ’ ಅಂಗಡಿಗಳ ಮೂಲಕ ಪಟ್ಟಣಗಳಿಗೆ ಮುಟ್ಟಿಸಿತು. ಕೂಟ ಕಟ್ಟುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬಂದರೆ ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕೀತು.

ಕೂಟ ಶುರುಮಾಡುವುದು

ಹತ್ತು ಜನ ಸಾಕು. ಅವರಲ್ಲಿ ಇಬ್ಬರಾದರೂ ಅರವತ್ತು ದಾಟಿದವರಿರಲಿ, ಇಬ್ಬರಾದರೂ ಕಾಲೇಜು ಹುಡುಗಿಯರಿರಲಿ. ಕೌದಿಯವರು, ಕಸೂತಿಯವರು, ತಾಂಡಾದವರು, ಉಲ್ಲನ್ ಹೆಣೆಯುವವರು, ಕ್ರೋಶಾ ಸೂಜಿಯವರು, ಮಣಿಯ ತೋರಣ ಮಾಡುವವರು ಎಲ್ಲರೂ ಬೆರೆತರೆ ಕಲಿಯುವುದು ಹೆಚ್ಚು. ಗಂಡಸರಿಗೂ ಬಾಗಿಲು ತೆರೆದಿರಲಿ. ಕಂಬಳಿ ನೇಯುವವರು, ದರ್ಜಿಗಳು ಬಂದರೆ ಕೂಟಕ್ಕೆ ಲಾಭ.

ಜಾಗಕ್ಕೆ ಬಾಡಿಗೆ ಕೊಡಬೇಕಿಲ್ಲ. ಶಾಲೆಯ ಕೋಣೆ, ಮಠದ ಪಡಸಾಲೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಗುಡಿಯ ಕಟ್ಟೆ ಯಾವುದಾದರೂ ನಡೆಯುತ್ತದೆ. ಹಗಲು ಬೆಳಕು ಚೆನ್ನಾಗಿರಬೇಕು, ನೆಲ ಸ್ವಚ್ಛವಿರಬೇಕು. ದೊಡ್ಡ ಕೌದಿ ಹರಡಲು ಎಂಟಡಿ ಉದ್ದಗಲದ ಜಾಗ ಬೇಕು. ಸಂತೆಯ ದಿನ ಸುತ್ತಲ ಹಳ್ಳಿಯವರು ಹೇಗೂ ಊರಿಗೆ ಬರುತ್ತಾರೆ. ಕೂಟವನ್ನು ಅದೇ ದಿನ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಬಸ್ ಖರ್ಚು ಉಳಿಯುತ್ತದೆ.

ಮೊದಲ ವರ್ಷ ನೋಂದಣಿಯ ತಲೆಬಿಸಿ ಬೇಡ. ಊರಿನಲ್ಲಿ ಈಗಾಗಲೇ ಸ್ತ್ರೀಶಕ್ತಿ ಇಲ್ಲವೇ ಸಂಜೀವಿನಿ ಸ್ವಸಹಾಯ ಸಂಘವಿದ್ದರೆ ಅದರೊಳಗೇ ಕೂಟ ನಡೆಸಬಹುದು. ಬ್ಯಾಂಕ್ ಖಾತೆ, ಉಳಿತಾಯ, ಲೆಕ್ಕದ ಪುಸ್ತಕ ಅಲ್ಲಿ ಸಿದ್ಧವಿರುತ್ತವೆ. ಮುಂದೆ ಸ್ವತಂತ್ರ ಸಂಘ ಬೇಕೆನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ನೋಂದಾಯಿಸಬಹುದು.

ತೋರಿಸುವ ದಿನದ ಕ್ರಮ

ಪ್ರತಿ ಕೂಟದಲ್ಲೂ ಅರ್ಧ ಹೊತ್ತು ತೋರಿಸಲು, ಅರ್ಧ ಹೊತ್ತು ಕೂತು ಹೊಲಿಯಲು ಇರಲಿ. ಒಬ್ಬೊಬ್ಬರು ಒಂದೊಂದೇ ವಸ್ತು ತರಬೇಕು. ಮುಗಿದದ್ದೇ ಆಗಬೇಕೆಂದಿಲ್ಲ. ಅರ್ಧಕ್ಕೆ ನಿಂತದ್ದು, ಬಣ್ಣ ಹೊಂದದೆ ಬಿಚ್ಚಿದ್ದು ತಂದರೆ ಮಾತು ಇನ್ನೂ ಚೆನ್ನಾಗಿ ಬೆಳೆಯುತ್ತದೆ. ತಂದವರು ನಾಲ್ಕು ಮಾತು ಹೇಳಬೇಕು: ಇದು ಏನು, ಯಾರಿಗಾಗಿ, ಯಾವ ಅರಿವೆ-ದಾರ, ಎಲ್ಲಿ ತೊಡಕಾಯಿತು. ಉಳಿದವರು ಮುಂಬದಿ ನೋಡಿದ ಮೇಲೆ ಹಿಂಬದಿಯನ್ನೂ ತಿರುವಿ ನೋಡಬೇಕು. ಕೈಕೆಲಸದ ಗುಣ ತಿಳಿಯುವುದು ಹಿಂಬದಿಯಲ್ಲಿ.

ಹಿರಿಯರು ಮಾತಿಗೆ ಹಿಂಜರಿಯುತ್ತಾರೆ. ‘ಅಮ್ಮಾ, ಈ ಮೂಲೆ ಹ್ಯಾಂಗ ತಿರುಗಿಸೀರಿ, ಒಂದೀಟು ತೋರಸ್ರಿ’ ಎಂದು ಕೇಳಿದರೆ ಸಾಕು, ಅವರ ಕೈಯೇ ಪಾಠ ಹೇಳುತ್ತದೆ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಬೆರಳುಗಳ ವಿಡಿಯೊ ಹಿಡಿಯಬೇಕು. ಮುಖ ಬೇಡವೆಂದರೆ ಕೈ ಮಾತ್ರ ಸಾಕು. ಒಪ್ಪಿಗೆಯಿಲ್ಲದೆ ಯಾರ ಫೋಟೊವನ್ನೂ ಹೊರಗೆ ಕಳಿಸಬಾರದು.

ವರ್ಷಕ್ಕೊಮ್ಮೆ ಊರಿಗೆಲ್ಲ ತೆರೆದ ಪ್ರದರ್ಶನ ಇಡಬಹುದು. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಕನ್ನಡ ರಾಜ್ಯೋತ್ಸವ ಒಳ್ಳೆಯ ಸಂದರ್ಭಗಳು. ಕೌದಿಗಳನ್ನು ಮೊಳೆ ಹೊಡೆದು ತೂಗಬಾರದು. ಮೇಲಂಚಿನ ಹಿಂದೆ ಉದ್ದನೆಯ ಪಟ್ಟಿ ಹೊಲಿದು ಅದರೊಳಗೆ ಬಿದಿರಿನ ಗಳ ತೂರಿಸಿ ತೂಗಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ನೇರ ಬಿಸಿಲಿಗೆ ಇಟ್ಟರೆ ಹಳೆಯ ಬಣ್ಣ ಮಾಸುತ್ತದೆ.

ಚೀಟಿ ಮತ್ತು ಪುಸ್ತಕ

ಕೂಟದ ಜೀವ ಇರುವುದು ಇಲ್ಲಿ. ಪ್ರತಿ ವಸ್ತುವಿಗೂ ಒಂದು ಬಟ್ಟೆಯ ಚೀಟಿ ಹೊಲಿಯಬೇಕು. ಅದರಲ್ಲಿ ಮಾಡಿದವರ ಹೆಸರು, ಊರು, ವರ್ಷ ಇರಲಿ. ಕಾಗದದ ಚೀಟಿ ಒಗೆತಕ್ಕೆ ಉಳಿಯುವುದಿಲ್ಲ. ಹತ್ತಿಯ ಪಟ್ಟಿಯ ಮೇಲೆ ದಾರದಲ್ಲೇ ಅಕ್ಷರ ಹೊಲಿದರೆ ಕೌದಿ ಇರುವಷ್ಟು ಕಾಲ ಹೆಸರೂ ಇರುತ್ತದೆ.

ಜೊತೆಗೆ ದಪ್ಪ ರಟ್ಟಿನ ಒಂದು ಪುಸ್ತಕ. ಒಂದು ವಸ್ತುವಿಗೆ ಒಂದು ಪುಟ: ಉದ್ದಗಲ, ತೂಕ, ಎಷ್ಟು ಪದರ, ಅರಿವೆಯ ಮೂಲ, ಹೊಲಿಗೆಯ ಹೆಸರು, ಕಲಿಸಿದವರು, ತಗಲಿದ ತಾಸು, ಒಂದು ಫೋಟೊ. ಹೊಲಿಗೆಯ ಹೆಸರನ್ನು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಬೇಕು. ತಾಂಡಾದವರು ಲಂಬಾಣಿಯಲ್ಲಿ ಹೇಳಿದರೆ ಹಾಗೆಯೇ ಕನ್ನಡ ಲಿಪಿಯಲ್ಲಿ ಇಳಿಸಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇಂಥ ದಾಖಲೆ ಕೈಯಲ್ಲಿದ್ದರೆ ಅಲ್ಲಿನ ಅಧ್ಯಾಪಕರ, ಸಂಶೋಧಕರ ಜೊತೆ ಕೂತು ಮಾತಾಡಲು ಕೂಟಕ್ಕೆ ಗಟ್ಟಿ ನೆಲ ಸಿಗುತ್ತದೆ.

ಮೊದಲ ಕೆಲಸ: ತೊಟ್ಟಿಲ ಕೌದಿ

ಹೊಸಬರು ದೊಡ್ಡ ಕೌದಿಗೆ ಕೈ ಹಾಕಿ ಅರ್ಧಕ್ಕೆ ಬಿಡುತ್ತಾರೆ. ಮೂರಡಿ ಅಗಲ, ನಾಲ್ಕಡಿ ಉದ್ದದ ಕೂಸಿನ ಹಾಸಿಗೆ ಕೌದಿಯಿಂದ ಶುರುಮಾಡುವುದು ಒಳ್ಳೆಯದು.

ಹಳೆಯ ಹತ್ತಿ ಸೀರೆ, ಧೋತರಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಜಾರುತ್ತದೆ. ಕೂಸಿನ ಕೌದಿಗೆ ಅದು ಬೇಡ. ಬಣ್ಣ ಬಿಡುವ ಅರಿವೆಯನ್ನು ಗುರುತಿಸಲು ಬಿಳಿ ಬಟ್ಟೆಯನ್ನು ಒದ್ದೆಮಾಡಿ ಉಜ್ಜಿ ನೋಡಿ. ಹೊಸ ತುಂಡು ಬಳಸುವುದಾದರೆ ಮೊದಲೇ ಒಮ್ಮೆ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಕೌದಿ ಸುಕ್ಕಾಗುತ್ತದೆ.

ಕೆಳಗೆ ಗಟ್ಟಿ ಅರಿವೆ, ನಡುವೆ ಎರಡು-ಮೂರು ಪದರ ಮೆತ್ತನೆಯ ಹಳೆ ಸೀರೆ, ಮೇಲೆ ಬಣ್ಣದ ತುಂಡುಗಳು. ಎಲ್ಲವನ್ನೂ ನೆಲದ ಮೇಲೆ ಹರಡಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ, ಗೇಣಿಗೊಂದರಂತೆ ದೊಡ್ಡ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ಹಿಡಿಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಪದರ ಸರಿದು ಗಂಟಾಗುತ್ತದೆ.

ಆಮೇಲೆ ದಪ್ಪ ಹತ್ತಿ ದಾರ ಪೋಣಿಸಿ ಒಂದು ಮೂಲೆಯಿಂದ ಹೊರಟು, ಅಂಚನ್ನು ಒಳಮಡಿಚುತ್ತ, ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆ ಹಾಕುತ್ತ ಸುತ್ತಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಗಲ ಅಂತರ ಸಾಕು. ದಾರವನ್ನು ಬಿಗಿಯಾಗಿ ಎಳೆದರೆ ಅರಿವೆ ಮುದುಡುತ್ತದೆ, ಸಡಿಲ ಬಿಟ್ಟರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಗುಂಡಿ, ಮಣಿ, ಕನ್ನಡಿ, ಜರಿ ಕೂಸಿನ ಕೌದಿಗೆ ಹಾಕಲೇಬಾರದು. ಅವೆಲ್ಲ ಬಾಗಿಲ ತೋರಣಕ್ಕೆ ಇರಲಿ.

ಕಸೂತಿ, ಲಂಬಾಣಿ ಕಲಿಯುವವರಿಗೆ

ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಹೊಲಿಯುವ ಪದ್ಧತಿಯಿಲ್ಲ. ಅರಿವೆಯ ಎಳೆ ಎಣಿಸಿಯೇ ಗೋಪುರ, ತುಳಸಿ ವೃಂದಾವನ, ಆನೆ ಅಂಬಾರಿ, ತೇರು, ನವಿಲು ಮೂಡಬೇಕು. ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗ ತುಂಬುವುದರಿಂದ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ನೋಡಲು ನೇಯ್ದಂತೆಯೇ ಇರುತ್ತದೆ. ಮೆಂತಿ ಅಡ್ಡ ಗೀಟಿನ ತುಂಬು ಹೊಲಿಗೆ. ದಾರಕ್ಕೆ ಗಂಟು ಹಾಕಬಾರದು. ತುದಿಯನ್ನು ಹೊಲಿಗೆಯೊಳಗೇ ಮುಚ್ಚಬೇಕು.

ಕಲಿಯುವವರಿಗೆ ಚೌಕುಳಿ ಎದ್ದು ಕಾಣುವ ಮ್ಯಾಟಿ ಬಟ್ಟೆ ಅನುಕೂಲ. ಆರೆಳೆಯ ಲಡಿಯಿಂದ ಎರಡೇ ಎಳೆ ಬಿಡಿಸಿಕೊಂಡು ಮೊದಲು ಗವಂತಿಯ ನೇರ ಗೆರೆ ಹಾಕಬೇಕು, ಆಮೇಲೆ ಮೂಲೆ ತಿರುಗಿಸುವುದು ಕಲಿಯಬೇಕು. ಎಳೆ ಎಣಿಸಲಾಗದ ನುಣುಪು ರೇಷ್ಮೆಯ ಮೇಲೆ ಜಾಳು ಬಟ್ಟೆ ಹಿಡಿಸಿ, ಅದರ ಲೆಕ್ಕದಲ್ಲಿ ಹೊಲಿದು, ಕೊನೆಗೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ಈ ಸೀಮೆಯ ತಾಂಡಾಗಳಲ್ಲಿ ಯಾವ ಯಾವ ಹೊಲಿಗೆ ಉಳಿದಿವೆ ಎಂದು ಪಟ್ಟಿ ಮಾಡುವುದೇ ಕೂಟದ ಮೊದಲ ವರ್ಷದ ಒಳ್ಳೆಯ ಕೆಲಸವಾದೀತು. ಅದಕ್ಕೆ ತಾಂಡಾದ ಅಜ್ಜಿಯರು ಗುರುಗಳಾಗಿ ಬರಬೇಕು. ಬಂದವರಿಗೆ ಆ ದಿನದ ಕೂಲಿಯನ್ನು ಕೂಟವೇ ಕೊಡಬೇಕು.

ಬೆಲೆ ಕಟ್ಟುವ ಲೆಕ್ಕ

‘ಹಳೆ ಸೀರೆಯದಲ್ಲೇನ್ರಿ, ನೂರು ರೂಪಾಯಿ ಕಡಿಮಿ ಮಾಡ್ರಿ’ ಎಂಬ ಚೌಕಾಸಿಗೆ ಉತ್ತರ ಲೆಕ್ಕದಲ್ಲಿದೆ. 2025–26ಕ್ಕೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ದಿನಕ್ಕೆ 4 ತಾಸಿನಂತೆ 20 ದಿನ ಹೊಲಿದ ಕೌದಿ ಎಂದುಕೊಳ್ಳಿ. ಒಟ್ಟು 80 ತಾಸು, ಅಂದರೆ 8 ತಾಸಿನ 10 ದಿನ. ಕೂಲಿಯೇ 3700 ರೂಪಾಯಿ ಆಯಿತು. ದಾರ, ಹೊಸ ಅಂಚು, ಒಗೆತಕ್ಕೆ 300 ರೂಪಾಯಿ ಸೇರಿಸಿದರೆ 4000. ಕೂಟದ ನಿಧಿಗೆ ನೂರಕ್ಕೆ ಐದರಂತೆ 200. ಹೀಗೆ 4200 ರೂಪಾಯಿಗಿಂತ ಕೆಳಗೆ ಕೊಟ್ಟರೆ ಕೂಲಿ ಪೂರ್ತಿ ಗಿಟ್ಟುವುದಿಲ್ಲ. ತಾಸಿನ ಲೆಕ್ಕವನ್ನು ದಾಖಲೆ ಪುಸ್ತಕದಲ್ಲಿ ಬರೆಯುವುದು ಇದಕ್ಕಾಗಿಯೇ. ಕೊಳ್ಳುವವರಿಗೆ ಆ ಪುಟವನ್ನೇ ತೆರೆದು ತೋರಿಸಬಹುದು.

ಎಲ್ಲವನ್ನೂ ಮಾರಬೇಕಿಲ್ಲ. ಅಜ್ಜಿ ಹೊಲಿದ ಕೌದಿಯನ್ನು ಪ್ರದರ್ಶನಕ್ಕೆ ಮಾತ್ರ ಎಂದು ಗುರುತಿಸಿ ಇಡುವುದು ಲೇಸು. ಮಾರಲು ಚೀಲ, ದಿಂಬಿನ ಹೊದಿಕೆ, ಕುಂಚಿಗೆಯಂಥ ಸಣ್ಣ ವಸ್ತುಗಳನ್ನು ಬೇರೆಯಾಗಿಯೇ ಮಾಡಬೇಕು.

ಯಾವ ಬಾಗಿಲು ತಟ್ಟಬೇಕು

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿ ಕೊಡುತ್ತದೆ. ಮೇಳಗಳಲ್ಲಿ ಮಳಿಗೆ, ತರಬೇತಿಯಂಥ ಸೌಲಭ್ಯ ಕೇಳಲು ಅದು ಮೊದಲ ಮೆಟ್ಟಿಲು. ದರ್ಜಿ ಕೆಲಸದವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಬಹುದು. ಅದರ 18 ಕಸುಬುಗಳಲ್ಲಿ ದರ್ಜಿಯೂ ಒಂದು. ತರಬೇತಿ, 15,000 ರೂಪಾಯಿವರೆಗಿನ ಸಲಕರಣೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಜಾಮೀನಿಲ್ಲದ ಸಾಲ ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರೇ ಅರ್ಹರು. 18 ವರ್ಷ ತುಂಬಿರಬೇಕು.

ಕಸೂತಿಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಅದರ ಹಕ್ಕುದಾರ ಸಂಸ್ಥೆ ‘ಕಾವೇರಿ’ ಮಳಿಗೆಗಳನ್ನು ನಡೆಸುವ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ಕೈಯಿಂದಲೇ ಹೊಲಿಯುವವರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಲು ಅವಕಾಶವಿದೆ. ಯಂತ್ರದ ಹೊಲಿಗೆಗೆ ಕಸೂತಿ ಎಂದು ಚೀಟಿ ಅಂಟಿಸಿ ಮಾರುವವರ ನಡುವೆ ಈ ನೋಂದಣಿ ಕೈಕೆಲಸದವರಿಗೆ ರಕ್ಷೆ.

ಜೋಪಾನ

ಒದ್ದೆ ಕೌದಿ ಬಹಳ ಭಾರ. ಹಿಂಡಿ ತಿರುಚಿದರೆ ಹಳೆಯ ಎಳೆ ಹರಿಯುತ್ತದೆ. ನೀರು ತಾನೇ ಬಸಿಯಲು ಬಿಟ್ಟು, ಹಗ್ಗದ ಬದಲು ಹಾಸುಗಲ್ಲು ಅಥವಾ ಹುಲ್ಲಿನ ಮೇಲೆ ಹರಡಿ ಒಣಗಿಸಬೇಕು. ರೇಷ್ಮೆ ದಾರದ ಕಸೂತಿಗೆ ಅಂಟುವಾಳದ ನೊರೆ ಸಾಕು. ಕನ್ನಡಿ ಕೂರಿಸಿದ ಲಂಬಾಣಿ ಬಟ್ಟೆಯನ್ನು ಒಳಹೊರಗು ಮಾಡಿ, ನಡುವೆ ಹಳೆ ಹತ್ತಿ ಅರಿವೆ ಇಟ್ಟು ಸುರುಳಿ ಸುತ್ತಬೇಕು. ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಹಾಕಿ, ವರ್ಷಕ್ಕೆ ಎರಡು ಬಾರಿ ತೆಗೆದು ಗಾಳಿಗೆ ಹಿಡಿಯಬೇಕು, ಮಡಿಕೆ ಬದಲಿಸಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ಅರಿವೆ ಆ ಗೆರೆಯಲ್ಲೇ ಸೀಳುತ್ತದೆ.

ಅಕ್ಕಿಆಲೂರಿನ ಸುತ್ತಲ ಓದುಗರಲ್ಲಿ ಒಂದು ವಿನಂತಿ. ಈ ವಾರವೇ ಮನೆಯ ಹಿರಿಯ ಹೆಣ್ಣುಮಗಳನ್ನು ಕೂರಿಸಿಕೊಂಡು, ಟ್ರಂಕಿನಲ್ಲಿರುವ ಕೌದಿಗಳನ್ನು ಯಾವುದು ಯಾರು ಹೊಲಿದದ್ದೆಂದು ಕೇಳಿ ಬರೆದುಕೊಳ್ಳಿ. ಓಣಿಯ ಇನ್ನೂ ಒಂಬತ್ತು ಮನೆಯವರನ್ನು ಮಾತಾಡಿಸಿ, ಮುಂದಿನ ಸಂತೆಯ ಮಧ್ಯಾಹ್ನಕ್ಕೆ ಮೊದಲ ಕೂಟ ಇಟ್ಟುಕೊಳ್ಳಿ. ಬರುವವರು ಒಂದೊಂದು ಕೈಕೆಲಸ, ಒಂದು ಸೂಜಿ, ಒಂದು ಉಂಡೆ ದಾರ ತಂದರೆ ಸಾಕು.